ಜೋಡಿಯಾಟಕ್ಕೊಂದು ಗರಡಿ

ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರಿನ ಕಡೆ ಕಣಕ್ಕಿಳಿಯುವುದನ್ನು ಬಿಟ್ಟ ಪೈಲ್ವಾನ ಗರಡಿಯ ಉಸ್ತಾದನಾಗುತ್ತಾನೆ. ಪಟ್ಟುಗಳು ಹುಡುಗರ ಮೈಗೆ ಹತ್ತುವುದು ಹಾಗೆ. ಟೆನಿಸ್ ಡಬಲ್ಸ್‌ಗೆ ಅಂಥದ್ದೊಂದು ಗರಡಿ ನಮ್ಮ ರಾಜ್ಯದಲ್ಲಿ ಆಗಿದ್ದು ತೀರ ಇತ್ತೀಚೆಗೆ. ಅದನ್ನು ಕಟ್ಟಿದವರು ಕೊಡಗಿನ ರೋಹನ್ ಬೋಪಣ್ಣ.

ಕಾಫಿ ಬೆಳೆಗಾರರ ಮಗ ರೋಹನ್ ಪುಣೆಯಲ್ಲಿ ನಂದನ್ ಬಾಳ್ ಅವರ ಕೈಯಲ್ಲಿ ಪಳಗಿದವರು. 2010ರಲ್ಲಿ ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಷಿ ಜೊತೆ ಅಮೆರಿಕ ಓಪನ್ ಫೈನಲ್ ತಲುಪಿ ಸೋತರು. 2014ರಲ್ಲಿ ಬೆಂಗಳೂರಿನ ಡೇವಿಸ್ ಕಪ್‌ನಲ್ಲಿ ಸರ್ಬಿಯಾ ಎದುರು ಎರಡು ಸೆಟ್ ಕಳೆದುಕೊಂಡ ಮೇಲೂ ಲಿಯಾಂಡರ್ ಪೇಸ್ ಜೊತೆ ಗೆದ್ದರು. ಮುಂದೆ ಮೊಣಕಾಲಿನ ಮೃದ್ವಸ್ಥಿ ಸವೆಯತೊಡಗಿತು. ನೋವಿನ ಮಾತ್ರೆ ನುಂಗಿ ಆಡಬೇಕಾದ ದಿನಗಳು ಬಂದವು. ಕೈಹಿಡಿದದ್ದು ಅಯ್ಯಂಗಾರ್ ಯೋಗ. ಕೋಲಾರ ಸೀಮೆಯ ಬೆಳ್ಳೂರಿನ ಅಯ್ಯಂಗಾರ್ ಅವರು ರೂಪಿಸಿದ ವಿದ್ಯೆಯೇ ಕೊಡಗಿನವರ ಮಂಡಿಗೆ ಬಲ ಕೊಟ್ಟಿತು ಎಂಬುದು ನನಗೆ ಬಹಳ ಇಷ್ಟವಾದ ಸಂಗತಿ. 2024ರ ಜನವರಿಯಲ್ಲಿ, 43ರ ವಯಸ್ಸಿನಲ್ಲಿ, ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯಾ ಓಪನ್ ಗೆದ್ದು ಡಬಲ್ಸ್‌ನಲ್ಲಿ ವಿಶ್ವದ ಅಗ್ರಸ್ಥಾನಕ್ಕೇರಿದ ಅತಿ ಹಿರಿಯ ಆಟಗಾರರಾದರು.

ಅಷ್ಟು ವರ್ಷ ಕಲಿತದ್ದೇನು? ಸಿಂಗಲ್ಸ್‌ಗೆ 8.23 ಮೀಟರ್ ಅಗಲವಿರುವ ಅಂಗಳ ಡಬಲ್ಸ್‌ಗೆ 10.97 ಮೀಟರ್ ಆಗುತ್ತದೆ. ನೆಟ್ ಹತ್ತಿರ ನಿಂತವನು ಸರ್ವ್‌ಗೆ ಮುಂಚೆ ಬೆನ್ನ ಹಿಂದೆ ಬೆರಳು ತೋರಿಸುತ್ತಾನೆ: ಚೆಂಡು ಎತ್ತ ಬೀಳಬೇಕು, ತಾನು ಅಡ್ಡ ಹಾಯುತ್ತೇನೋ ಇಲ್ಲವೋ. ಹಿಂದಿದ್ದವನು ಅದನ್ನು ನಂಬಿ ಖಾಲಿಯಾಗುವ ಜಾಗಕ್ಕೆ ಓಡಬೇಕು. ಒಬ್ಬರೇ ಗೋಡೆಗೆ ಚೆಂಡು ಹೊಡೆದು ಇದನ್ನು ಕಲಿಯಲಾಗದು. ಆಡಿ ಬಲ್ಲವರು ಪಕ್ಕದಲ್ಲಿ ನಿಂತು ತಿದ್ದಬೇಕು.

ಅಮೆರಿಕದ ಕಾಲೇಜುಗಳು ಇದನ್ನು ಬಹಳ ಹಿಂದೆಯೇ ಅರಿತವು. ಅಲ್ಲಿ ತಂಡಗಳ ಹಣಾಹಣಿಯಲ್ಲಿ ಮೂರು ಡಬಲ್ಸ್ ಪಂದ್ಯ ಸೇರಿ ಒಂದು ಅಂಕ, ಆರು ಸಿಂಗಲ್ಸ್‌ಗೆ ಆರು ಅಂಕ. ಹಾಗಾಗಿ ಕಾಲೇಜಿನ ಕೋಚ್ ಜೋಡಿಗಳನ್ನು ಬೆಸೆಯಲೇಬೇಕು. ಮಹೇಶ್ ಭೂಪತಿ 1995ರಲ್ಲಿ ಮಿಸಿಸಿಪ್ಪಿ ವಿಶ್ವವಿದ್ಯಾಲಯಕ್ಕಾಗಿ ರಾಷ್ಟ್ರೀಯ ಡಬಲ್ಸ್ ಪ್ರಶಸ್ತಿ ಗೆದ್ದವರೇ.

ಬೋಪಣ್ಣ ಬೆಂಗಳೂರಿನಲ್ಲಿ 2016ರಲ್ಲಿ ಅಕಾಡೆಮಿ ತೆರೆದರು. ಆಮೇಲೆ ‘ಡಬಲ್ಸ್ ಡ್ರೀಮ್ ಆಫ್ ಇಂಡಿಯಾ’ ಯೋಜನೆಯಲ್ಲಿ ಭಾರತದ ಡಬಲ್ಸ್ ಆಟಗಾರರಿಗೆ ಕೋಚ್, ಫಿಸಿಯೊಗಳ ನೆರವು ಒಟ್ಟಾಗಿ ಸಿಗುವಂತಾಯಿತು. ಒಬ್ಬೊಬ್ಬರೇ ಹೊರಲಾಗದ ಖರ್ಚು ಅದು. 2025ರ ನವೆಂಬರ್‌ನಲ್ಲಿ ಅವರು ವೃತ್ತಿ ಟೆನಿಸ್‌ಗೆ ವಿದಾಯ ಹೇಳಿದರು.

2023ರಲ್ಲಿ ದಾವಣಗೆರೆ, ಧಾರವಾಡಗಳಲ್ಲಿ ಅಂತರರಾಷ್ಟ್ರೀಯ ಪುರುಷರ ಟೂರ್ನಿಗಳು ನಡೆದವು. ಆ ಎರಡು ಊರುಗಳ ನಡುವೆ ಇರುವುದು ನಮ್ಮ ಹಾವೇರಿ ಜಿಲ್ಲೆ. ಇಲ್ಲಿನ ಕಾಲೇಜುಗಳು ಟೆನಿಸ್ ಶುರು ಮಾಡುವುದಾದರೆ ಡಬಲ್ಸ್‌ನಿಂದಲೇ ಮಾಡಲಿ ಎನ್ನುತ್ತೇನೆ. ಒಂದೇ ಅಂಗಳ ಸಾಕು, ನಾಲ್ವರು ಒಟ್ಟಿಗೆ ಕಲಿಯುತ್ತಾರೆ.