ಶಿಬಿರದ ಬುತ್ತಿ

ಹೆಣ್ಣುಮಕ್ಕಳ ಶಿಬಿರದ ದಿನಗಳು ಗೊತ್ತಾದೊಡನೆ ಪೋಷಕರಿಂದ ನಮಗೆ ಬರತಕ್ಕ ಮೊದಲನೆಯ ಪ್ರಶ್ನೆಯು, “ಅಲ್ಲಿ ಮಕ್ಕಳ ಊಟಕ್ಕೆ ಏನು ಏರ್ಪಾಡು?” ಎಂಬುದಾಗಿರುತ್ತದೆ. ಈ ಪ್ರಶ್ನೆಯು ನ್ಯಾಯವಾದದ್ದೇ ಸರಿ. ಮನೆಯಲ್ಲಿ ಮಗುವಿಗೆ ಹೊಟ್ಟೆ ಕೆಟ್ಟರೆ ತಾಯಿಯು ಬಳಿಯಲ್ಲಿರುವಳು, ವೈದ್ಯರೂ ದೂರವಿರುವದಿಲ್ಲ. ಊರಿನಿಂದ ಬಹುದೂರ ಗುಡಾರ ಹೂಡಿರುವಾಗ ಒಂದೇ ಪಾತ್ರೆಯ ಅನ್ನವು ಕೆಟ್ಟಿದ್ದರೆ, ಅದನ್ನು ಉಂಡವರೆಲ್ಲರೂ ಒಂದೇ ರಾತ್ರಿಯಲ್ಲಿ ಮಲಗಬೇಕಾದೀತು. ಇನ್ನೊಂದು ಸಂಗತಿಯೂ ಉಂಟು. ಎಲ್ಲ ಅಡಿಗೆಯನ್ನೂ ಶಿಬಿರದಲ್ಲಿಯೇ ಮೊದಲಿನಿಂದ ಮಾಡಲು ಹೊರಟರೆ, ಕೆಲವು ಹುಡುಗಿಯರು ಮೂರು ಹೊತ್ತೂ ಹೊಗೆಯ ಮುಂದೆ ಕುಳಿತಿರುವರು; ಬೆಟ್ಟವನ್ನೂ ಹೊಳೆಯನ್ನೂ ನೋಡುವ ಭಾಗ್ಯವು ಉಳಿದವರದಾಗುವುದು. ಈ ಎರಡು ತೊಂದರೆಗಳಿಗೂ ಪರಿಹಾರವು ಮುಂಗಡವಾಗಿ ಮಾಡಿಕೊಂಡ ಸಿದ್ಧತೆಯಲ್ಲಿದೆ. ಅದರ ಕ್ರಮವನ್ನು ಇಲ್ಲಿ ವಿವರಿಸುತ್ತೇವೆ.

ನಮ್ಮ ದೇಶದಲ್ಲಿ ಗರ್ಲ್ ಗೈಡುಗಳ ಮೊದಲನೆಯ ದಳವು ೧೯೧೧ರಲ್ಲಿ ಜಬಲ್ಪುರದಲ್ಲಿ ಆರಂಭವಾಯಿತು. ೧೯೫೦ರಲ್ಲಿ ಭಾರತ ಸ್ಕೌಟ್ಸ್ ಮತ್ತು ಗೈಡ್ಸ್ ಎಂಬ ಸಂಸ್ಥೆಯು ಏರ್ಪಟ್ಟು, ೧೯೫೧ರಲ್ಲಿ ಗೈಡುಗಳೂ ಅದರಲ್ಲಿ ಸೇರಿದರು. “ಸಿದ್ಧರಾಗಿರಿ” ಎಂಬುದು ಅವರ ಧ್ಯೇಯವಾಕ್ಯ. ಶಿಬಿರದ ಅಡಿಗೆಯ ವಿಷಯದಲ್ಲಿ ಈ ಮಾತು ಹೊರಡುವ ದಿನಕ್ಕಿಂತ ಒಂದು ವಾರ ಮುಂಚೆಯೇ ಅನ್ವಯಿಸತಕ್ಕದ್ದು.

ಮೊದಲು, ಆಹಾರವು ಏಕೆ ಕೆಡುತ್ತದೆಂಬುದನ್ನು ತಿಳಿಯಬೇಕು. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಬೆಳೆಯುವುದಕ್ಕೆ ನೀರಿನ ಪಸೆ, ಬೆಚ್ಚನೆಯ ಹವೆ, ಸ್ವಲ್ಪ ಕಾಲ, ಈ ಮೂರು ಸಾಕು. ೫ ಡಿಗ್ರಿಯಿಂದ ೬೦ ಡಿಗ್ರಿ ಸೆಂಟಿಗ್ರೇಡಿನವರೆಗಿನ ಉಷ್ಣದಲ್ಲಿ ಅವು ಬೇಗನೆ ಹೆಚ್ಚುತ್ತವೆ. ಆದಕಾರಣ ಬೇಯಿಸಿದ ಹಸಿ ಪದಾರ್ಥವನ್ನು ಎರಡು ಗಂಟೆಗಳಿಗಿಂತ ಹೆಚ್ಚು ಕಾಲ ಹಾಗೆಯೇ ಇಡಬಾರದು. ಕಡು ಬೇಸಿಗೆಯಲ್ಲಿ ಒಂದು ಗಂಟೆಯೇ ಮಿತಿ. ಅನ್ನದ ವಿಷಯದಲ್ಲಿ ವಿಶೇಷ ಎಚ್ಚರವು ಬೇಕು. ಅಕ್ಕಿಯಲ್ಲಿರುವ ಒಂದು ಬಗೆಯ ಸೂಕ್ಷ್ಮಜೀವಿಯ ಬೀಜಕಣಗಳು ಕುದಿಯುವ ನೀರಿನಲ್ಲಿಯೂ ಸಾಯದೆ ಉಳಿಯುತ್ತವೆ. ಅನ್ನವು ಬೆಚ್ಚಗೆ ಬಹಳ ಹೊತ್ತು ಇದ್ದರೆ ಅವು ಮೊಳೆತು ವಿಷವನ್ನು ಹುಟ್ಟಿಸುತ್ತವೆ. ವಾಂತಿಯನ್ನುಂಟುಮಾಡುವ ಆ ವಿಷವು ಮತ್ತೆ ಕಾಯಿಸಿದರೂ ಹೋಗುವುದಿಲ್ಲ. ಅಂಥ ಅನ್ನಕ್ಕೆ ಕೆಟ್ಟ ವಾಸನೆಯಾಗಲಿ ರುಚಿಯಾಗಲಿ ಇರಲೇಬೇಕೆಂಬುದಿಲ್ಲ. ಮೂಸಿ ನೋಡಿ ನಿಶ್ಚಯಿಸುವುದು ಈ ಕಾರಣದಿಂದ ಭದ್ರವಾದ ಪರೀಕ್ಷೆಯಲ್ಲ.

ಇಲ್ಲಿ ಹಿರಿಯರು ಒಂದು ಆಕ್ಷೇಪವನ್ನು ಹೇಳುವುದುಂಟು: “ನಾವು ಚಿತ್ರಾನ್ನವನ್ನೂ ಮೊಸರನ್ನವನ್ನೂ ಬುತ್ತಿ ಕಟ್ಟಿಕೊಂಡೇ ದೂರದ ಊರುಗಳಿಗೆ ಹೋಗಿ ಬಂದವರಲ್ಲವೇ?” ಹುಣಿಸೆ, ನಿಂಬೆ, ಮೊಸರುಗಳ ಹುಳಿಯು ಸೂಕ್ಷ್ಮಜೀವಿಗಳ ಬೆಳವಣಿಗೆಯನ್ನು ತಡೆಯುವುದು ನಿಜ. ಆದರೆ ಆ ಹುಳಿಯು ಅನ್ನದ ಪ್ರತಿ ಅಗುಳಿಗೂ ಸಮನಾಗಿ ಹತ್ತಿರುವುದೆಂದು ನಂಬುವ ಹಾಗಿಲ್ಲ. ಒಬ್ಬ ಪ್ರಯಾಣಿಕನು ತನ್ನ ಸಂಬಂಧದಲ್ಲಿ ಮಾಡಿಕೊಳ್ಳುವ ಧೈರ್ಯವನ್ನು, ಇತರರ ಮಕ್ಕಳನ್ನು ಕರೆದೊಯ್ಯುವ ನಾವು ಮಾಡಲಾಗದು. ಹಿರಿಯರ ಜ್ಞಾನವನ್ನು ಬಿಡಬೇಕಾಗಿಯೂ ಇಲ್ಲ. ಅನ್ನವನ್ನು ಒಯ್ಯದೆ ಪುಳಿಯೋಗರೆಯ ಗೊಜ್ಜನ್ನು ಒಯ್ಯಿರಿ. ಅನ್ನವು ಶಿಬಿರದಲ್ಲಿ ಆಗಲಿ.

ಶಿಬಿರದ ಆಹಾರವನ್ನು ಮೂರು ಬಗೆಯಾಗಿ ವಿಂಗಡಿಸಿಕೊಂಡರೆ ಕೆಲಸವು ಸುಲಭವಾಗುವುದು.

ಮೊದಲನೆಯದು, ಹೊರಟ ದಿನದ ಮಧ್ಯಾಹ್ನದ ಬುತ್ತಿ. ಬೆಳಿಗ್ಗೆ ಮಾಡಿದ ಚಪಾತಿ, ಚಟ್ನಿಪುಡಿ, ಸಿಪ್ಪೆಯುಳ್ಳ ಬಾಳೆಹಣ್ಣು ಅಥವಾ ಕಿತ್ತಳೆ ಇಷ್ಟೇ ಸಾಕು. ಹಸಿ ತೆಂಗಿನಕಾಯಿಯ ಚಟ್ನಿ, ಮಾಂಸ, ಮೀನು, ಮೊಟ್ಟೆಯ ಪದಾರ್ಥಗಳನ್ನು ಈ ಬುತ್ತಿಯಲ್ಲಿ ಸೇರಿಸಬಾರದು.

ಎರಡನೆಯದು, ಮನೆಯಲ್ಲಿಯೇ ಪೂರ್ಣವಾಗಿ ಸಿದ್ಧವಾಗಿ ಬಹುದಿನ ನಿಲ್ಲುವ ಒಣ ಆಹಾರ. ಇದರಲ್ಲಿ ನಮ್ಮ ನಾಡು ಬಡವಾಗಿಲ್ಲ. ಉತ್ತರದ ಜಿಲ್ಲೆಗಳ ಜೋಳದ ಮತ್ತು ಸಜ್ಜೆಯ ಖಡಕ್ ರೊಟ್ಟಿಯು ನೀರಿನ ಪಸೆಯೆಲ್ಲ ಆರಿಹೋಗಿರುವುದರಿಂದ ವಾರಗಟ್ಟಲೆ ಇರುತ್ತದೆ. ಅದರ ಸಂಗಡ ಶೇಂಗಾ, ಗುರೆಳ್ಳು, ಅಗಸಿಗಳ ಚಟ್ನಿಪುಡಿಗಳು ರುಚಿಗೂ ಪುಷ್ಟಿಗೂ ಒದಗುತ್ತವೆ. ಹಳೆಯ ಮೈಸೂರು ಸೀಮೆಯಲ್ಲಿ ರಾಗಿಯನ್ನು ಅರಳಿಸಿ ಬೀಸಿದ ಹುರಿಹಿಟ್ಟನ್ನು ಬೆಲ್ಲದೊಡನೆ ಕಾಯಿಸಿದ ನೀರಿನಲ್ಲಿಯೋ ಹಾಲಿನಲ್ಲಿಯೋ ಕಲಸಿದರೆ, ಒಲೆ ಹೊತ್ತಿಸದೆ ಒಂದು ಹೊತ್ತಿನ ಉಪಾಹಾರವಾಯಿತು. ಕರಾವಳಿಯವರಿಗೆ ಅವಲಕ್ಕಿಯ ಉಪಯೋಗವನ್ನು ನಾವು ಹೇಳಬೇಕಾಗಿಲ್ಲ. ಗೊಜ್ಜನ್ನು ಮಾಡುವಾಗ ಗಟ್ಟಿಯಾದ ಹುಣಿಸೆಯ ರಸವನ್ನು ಬೆಲ್ಲ, ಉಪ್ಪು, ಸಾರಿನ ಪುಡಿಗಳೊಡನೆ ಎಳ್ಳೆಣ್ಣೆಯಲ್ಲಿ ಕುದಿಸಿ, ನೀರು ಇಂಗಿ ಎಣ್ಣೆಯು ಬಿಟ್ಟುಕೊಳ್ಳುವವರೆಗೆ ಒಲೆಯ ಮೇಲಿಡಬೇಕು. ಇಳಿಸಿದ ಮೇಲೆ ಹಸಿ ಚಮಚವನ್ನು ಅದರಲ್ಲಿ ಅದ್ದಬಾರದು.

ಮೂರನೆಯದು, ಮನೆಯಲ್ಲಿ ಅರ್ಧ ಕೆಲಸ ಮುಗಿಸಿ ಶಿಬಿರದಲ್ಲಿ ಬೇಯಿಸತಕ್ಕ ಆಹಾರ. ಉಪ್ಪಿಟ್ಟಿಗಾಗಿ ಎಣ್ಣೆಯಲ್ಲಿ ಸಾಸಿವೆ, ಕಡಲೆಬೇಳೆ, ಒಣಮೆಣಸಿನಕಾಯಿ ಒಗ್ಗರಿಸಿ, ಕರಿಬೇವನ್ನು ಗರಿಗರಿಯಾಗುವಂತೆ ಹುರಿದು, ರವೆಯನ್ನು ಸೇರಿಸಿ ಚೆನ್ನಾಗಿ ಹುರಿದು ಉಪ್ಪು ಬೆರೆಸಿಡಬೇಕು. ಈರುಳ್ಳಿಯಲ್ಲಿ ನೀರಿರುವುದರಿಂದ ಅದನ್ನು ಹಾಕಬಾರದು. ಶಿಬಿರದಲ್ಲಿ ಈ ಮಿಶ್ರಣದ ಒಂದು ಅಳತೆಗೆ ಕುದಿಯುವ ನೀರು ಎರಡೂವರೆ ಅಳತೆ ಹಾಕಿದರೆ ಕಾಲು ಗಂಟೆಯೊಳಗೆ ಉಪಾಹಾರವು ಸಿದ್ಧ. ಪೊಂಗಲಿಗೆ ಎರಡು ಪಾಲು ಅಕ್ಕಿಯೂ ಒಂದು ಪಾಲು ಹುರಿದ ಹೆಸರುಬೇಳೆಯೂ ಒಂದು ಚೀಲದಲ್ಲಿ. ಮೆಣಸು, ಜೀರಿಗೆ, ಉಪ್ಪು ಬೇರೊಂದು ಪೊಟ್ಟಣದಲ್ಲಿ. ಶಿಬಿರದಲ್ಲಿ ತೊಳೆದು ನಾಲ್ಕರಷ್ಟು ನೀರಿನಲ್ಲಿ ಬೇಯಿಸಿ ಬಿಸಿಯಾಗಿಯೇ ಬಡಿಸಬೇಕು. ಮಿಕ್ಕದ್ದನ್ನು ಮರುದಿನಕ್ಕೆ ಇಡಬಾರದು.

ಅಳತೆಯು ತಪ್ಪಿದರೆ ಹಸಿವಾದರೂ ನಷ್ಟವಾದರೂ ತಪ್ಪದು. ಒಬ್ಬ ಹುಡುಗಿಗೆ ಒಂದು ಹೊತ್ತಿಗೆ ರವೆ ೭೫ ಗ್ರಾಂ, ಅಕ್ಕಿಬೇಳೆ ಕೂಡಿ ೧೦೦ ಗ್ರಾಂ ಎಂದು ನಾವು ಹಿಡಿಯುತ್ತೇವೆ. ೨೪ ಮಂದಿಗೆ ರವೆಯು ೧ ಕಿಲೋ ೮೦೦ ಗ್ರಾಂ. ಪೊಂಗಲಿಗೆ ಅಕ್ಕಿ ೧ ಕಿಲೋ ೬೦೦ ಗ್ರಾಂ, ಬೇಳೆ ೮೦೦ ಗ್ರಾಂ ಆಗುವುದು. ಈ ಲೆಕ್ಕವನ್ನು ಹುಡುಗಿಯರಿಂದಲೇ ಮಾಡಿಸತಕ್ಕದ್ದು.

ಇನ್ನು ಕಟ್ಟುವ ಕ್ರಮ. ಹುರಿದ ಪದಾರ್ಥವು ಪೂರ್ತಿಯಾಗಿ ಆರುವ ಮೊದಲು ಮುಚ್ಚಳವನ್ನು ಮುಚ್ಚಿದರೆ, ಹಬೆಯು ನೀರಾಗಿ ಒಳಕ್ಕೆ ತೊಟ್ಟಿಕ್ಕಿ ಬೂಷ್ಟು ಹಿಡಿಯುವುದು. ಡಬ್ಬಿಗಳು ತೊಳೆದು ಬಿಸಿಲಿನಲ್ಲಿ ಒಣಗಿಸಿದವುಗಳಾಗಿರಲಿ. ಒಂದೊಂದು ಹೊತ್ತಿನ ಆಹಾರಕ್ಕೆ ಒಂದೊಂದು ಚೀಲ ಮಾಡಿ, “ಶನಿವಾರ ಬೆಳಿಗ್ಗೆ” ಎಂಬಂತೆ ಚೀಟಿ ಕಟ್ಟಿರಿ. ಪ್ಲಾಸ್ಟಿಕ್ ಕೈಚೀಲಗಳನ್ನು ನಮ್ಮ ರಾಜ್ಯದಲ್ಲಿ ೨೦೧೬ರಲ್ಲಿಯೇ ನಿಷೇಧಿಸಿದ್ದಾರೆ. ಬಟ್ಟೆಯ ಚೀಲವೂ ಸ್ಟೀಲಿನ ಡಬ್ಬಿಯೂ ಇರುವಾಗ ಅವುಗಳ ಅಗತ್ಯವೂ ಇಲ್ಲ. ಮಂಗಗಳೂ ಇರುವೆಗಳೂ ಕರೆಯದೆ ಬರುವ ಅತಿಥಿಗಳಾದ್ದರಿಂದ ಬಿಗಿಯಾದ ಮುಚ್ಚಳವು ಅವಶ್ಯ; ಮಲಗುವ ಗುಡಾರದಲ್ಲಿ ಆಹಾರವನ್ನು ಇಡಲೇಬಾರದು. ಅರಣ್ಯದ ಸೀಮೆಯಲ್ಲಿ ಬೆಂಕಿ ಹೊತ್ತಿಸುವುದಕ್ಕೆ ಅಪ್ಪಣೆಯುಂಟೋ ಇಲ್ಲವೋ ಎಂಬುದನ್ನು ಮುಂಚಿತವಾಗಿ ವಿಚಾರಿಸಿ, ಇಲ್ಲವಾದರೆ ಎರಡನೆಯ ಬಗೆಯ ಆಹಾರವನ್ನೇ ಹೆಚ್ಚಾಗಿ ಒಯ್ಯಬೇಕು.

ಆಹಾರವು ಶುದ್ಧವಾಗಿದ್ದು ನೀರು ಅಶುದ್ಧವಾಗಿದ್ದರೆ ಪ್ರಯೋಜನವಿಲ್ಲ. ಹೊಳೆಯ ನೀರನ್ನು ಬಟ್ಟೆಯಲ್ಲಿ ಸೋಸಿ, ಕೊತಕೊತನೆ ಒಂದು ನಿಮಿಷ, ಎತ್ತರದ ಬೆಟ್ಟಗಳಲ್ಲಿ ಮೂರು ನಿಮಿಷ ಕುದಿಸಬೇಕು. ಅಡಿಗೆಗೆ ಮುಂಚೆಯೂ ಊಟಕ್ಕೆ ಮುಂಚೆಯೂ ಸಾಬೂನಿನಿಂದ ಕೈ ತೊಳೆಯತಕ್ಕದ್ದು. ಇಷ್ಟಾಗಿಯೂ ಯಾರಿಗಾದರೂ ಭೇದಿಯಾದರೆ, ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಮಟ್ಟವಾದ ಆರು ಟೀ ಚಮಚ ಸಕ್ಕರೆಯನ್ನೂ ಅರ್ಧ ಟೀ ಚಮಚ ಉಪ್ಪನ್ನೂ ಕರಗಿಸಿ ಸ್ವಲ್ಪಸ್ವಲ್ಪವಾಗಿ ಕುಡಿಸುತ್ತ, ತಡಮಾಡದೆ ವೈದ್ಯರ ಬಳಿಗೆ ಕರೆದೊಯ್ಯಬೇಕು.

ಕಡೆಯದಾಗಿ, ಪೋಷಕರು ಮನಸ್ಸಿಟ್ಟು ಯೋಚಿಸಬೇಕಾದ ಒಂದು ಮಾತು. ಪ್ರತಿಯೊಬ್ಬಳೂ ತನ್ನ ತನ್ನ ಬುತ್ತಿಯನ್ನು ತಂದರೆ, ಒಬ್ಬಳ ಡಬ್ಬಿಯಲ್ಲಿ ತುಪ್ಪದ ಉಂಡೆಯೂ ಇನ್ನೊಬ್ಬಳ ಡಬ್ಬಿಯಲ್ಲಿ ಬರೀ ರೊಟ್ಟಿಯೂ ಇರುವುದು. ಆ ಎರಡನೆಯವಳು ಹಸಿವಿಲ್ಲವೆಂದು ಹೇಳಿ ದೂರ ಹೋಗಿ ಕೂರುವುದನ್ನು ಶಿಕ್ಷಕಿಯರು ಬಲ್ಲರು. ಆದ್ದರಿಂದ ಎಲ್ಲರ ಮನೆಗಳಿಂದಲೂ ಅವರವರ ಶಕ್ತ್ಯನುಸಾರ ಧಾನ್ಯವನ್ನು ಪಡೆದು, ಶಾಲೆಯಲ್ಲಿಯೇ ಒಂದು ದಿನ ಕೂಡಿ ಹುರಿದು, ಬೀಸಿ, ಕಟ್ಟಿ, ಒಂದೇ ಬುತ್ತಿಯನ್ನಾಗಿ ಮಾಡುವ ಕ್ರಮವು ಉತ್ತಮ. ಶೇಂಗಾ ಮೊದಲಾದವು ಮಗಳ ಮೈಗೆ ಒಗ್ಗದಿದ್ದರೆ ಅದನ್ನು ಆ ದಿನಕ್ಕೆ ಮುಂಚೆಯೇ ತಿಳಿಸುವುದು ಪೋಷಕರ ಕರ್ತವ್ಯವಾಗಿದೆ.

ಹಳೆಯ ವಿದ್ಯಾರ್ಥಿನಿಯರಲ್ಲಿ ನಮ್ಮದೊಂದು ವಿಜ್ಞಾಪನೆ. ನಿಮ್ಮಲ್ಲಿ ಅನೇಕರು ಅತ್ತೆಯ ಮನೆಯಲ್ಲಿ, ದೂರದ ಊರುಗಳಲ್ಲಿ, ಬೇರೆ ಬೇರೆ ಸೀಮೆಗಳ ಬುತ್ತಿಯ ವಿದ್ಯೆಯನ್ನು ಕಲಿತಿರುವಿರಿ. ಬೀಸುವ ಆ ದಿನ ಶಾಲೆಗೆ ಬಂದು, ಖಡಕ್ ರೊಟ್ಟಿಯನ್ನು ತಟ್ಟುವುದನ್ನೋ ರಾಗಿಯನ್ನು ಅರಳಿಸುವುದನ್ನೋ ಈಗಿನ ಹುಡುಗಿಯರಿಗೆ ಕೈಹಿಡಿದು ತೋರಿಸಿಕೊಟ್ಟರೆ ಬಹಳ ಉಪಕಾರವಾಗುವುದು. ಬರುವಾಗ ನಿಮ್ಮ ಲಟ್ಟಣಿಗೆಯನ್ನೂ ತನ್ನಿರಿ, ಶಾಲೆಯಲ್ಲಿರುವವು ಸಾಲವು.