ನೋವು ಹೇಳಿಕೊಳ್ಳಲು ತಾಯ್ನುಡಿ ಬೇಕು

1965ರ ವಲಸೆ ಕಾಯ್ದೆಯ ತರುವಾಯ ಅಮೆರಿಕದ ನ್ಯೂಯಾರ್ಕ್, ಬಾಸ್ಟನ್, ಸಿಯಾಟಲ್ ಮೊದಲಾದ ನಗರಗಳಿಗೆ ಚೀನೀ ಕುಟುಂಬಗಳು ಬಹುಸಂಖ್ಯೆಯಲ್ಲಿ ಬಂದು ನೆಲೆಸಿದವು. ಹೋಟೆಲಿನ ಅಡುಗೆಮನೆಗಳಲ್ಲಿ, ಬಟ್ಟೆ ಹೊಲಿಯುವ ಕಾರ್ಖಾನೆಗಳಲ್ಲಿ ಹಗಲಿರುಳು ದುಡಿದು ಮಕ್ಕಳನ್ನು ಓದಿಸಿದವರು ಅವರು. ದುಡಿಮೆಯ ದಣಿವನ್ನು ಹೇಳಿಕೊಂಡ ಆ ಹಿರಿಯರು ಮನಸ್ಸಿನ ಬೇನೆಯನ್ನು ಮಾತ್ರ ಬಾಯಿಬಿಟ್ಟು ಹೇಳಲಿಲ್ಲ.

ಚೀನೀ ಭಾಷೆಯಲ್ಲಿಯೂ ‘ಮುಖ’ವೆಂದರೆ ಮಾನ. ನಾಲ್ಕು ಜನರಿಗೆ ಮುಖ ತೋರಿಸುವುದು ಹೇಗೆಂಬ ಅಳುಕಿನಿಂದ ಅದುಮಿಟ್ಟ ದುಃಖವು ತಲೆನೋವಾಗಿ, ನಿದ್ರಾಹೀನತೆಯಾಗಿ, ಎದೆಯ ಬಿಗಿತವಾಗಿ ಹೊರಬರುತ್ತದೆ. 1980ರಲ್ಲಿ ಚೀನಾದ ಹುನಾನ್ ಪ್ರಾಂತದಲ್ಲಿ ‘ನರದೌರ್ಬಲ್ಯ’ಕ್ಕೆ ಚಿಕಿತ್ಸೆ ಪಡೆಯುತ್ತಿದ್ದ 100 ರೋಗಿಗಳನ್ನು ಅಮೆರಿಕದ ಮನೋವೈದ್ಯ ಆರ್ಥರ್ ಕ್ಲೈನ್‌ಮನ್ ಪರೀಕ್ಷಿಸಿದರು. ಅವರಲ್ಲಿ 87 ಮಂದಿಗೆ ಇದ್ದುದು ಖಿನ್ನತೆ.

ಮುಜುಗರದ ಜೊತೆಗೆ ಭಾಷೆಯ ತೊಡಕೂ ಸೇರಿತು. 1970ರ ದಶಕದಲ್ಲಿ ಮನಶ್ಶಾಸ್ತ್ರಜ್ಞ ಸ್ಟ್ಯಾನ್ಲಿ ಸ್ಯೂ ಮತ್ತು ಸಂಗಡಿಗರು ಸಿಯಾಟಲ್ ಪ್ರದೇಶದ ಮಾನಸಿಕ ಆರೋಗ್ಯ ಕೇಂದ್ರಗಳ ದಾಖಲೆಗಳನ್ನು ಪರಿಶೀಲಿಸಿದಾಗ, ಒಮ್ಮೆ ಬಂದ ಏಷ್ಯಾ ಮೂಲದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಮತ್ತೆ ಅತ್ತ ಸುಳಿಯಲಿಲ್ಲವೆಂಬುದು ತಿಳಿದುಬಂತು. 1991ರಲ್ಲಿ ಪ್ರಕಟವಾದ ಲಾಸ್ ಏಂಜಲೀಸಿನ ಅಧ್ಯಯನವು ಇದಕ್ಕೆ ಮದ್ದನ್ನೂ ಸೂಚಿಸಿತು: ಇಂಗ್ಲಿಷ್ ಮನೆಮಾತಲ್ಲದವರಿಗೆ ತಮ್ಮ ಸಮುದಾಯದ, ತಮ್ಮ ನುಡಿಯ ಸಲಹೆಗಾರರು ದೊರೆತಾಗ ಅವರು ಚಿಕಿತ್ಸೆಯಲ್ಲಿ ಹೆಚ್ಚು ಕಾಲ ಉಳಿದರು, ಫಲಿತಾಂಶವೂ ಉತ್ತಮವಾಗಿತ್ತು.

ಸಮುದಾಯದವರು ಅದಕ್ಕೆ ಮೊದಲೇ ಕೆಲಸಕ್ಕಿಳಿದಿದ್ದರು. 1973ರಲ್ಲಿ ಸಿಯಾಟಲಿನಲ್ಲಿ ಏಷ್ಯನ್ ಕೌನ್ಸೆಲಿಂಗ್ ಅಂಡ್ ರೆಫರಲ್ ಸರ್ವಿಸ್ ಆರಂಭವಾಯಿತು. ನ್ಯೂಯಾರ್ಕಿನ ಚೈನಾಟೌನಿನಲ್ಲಿ 1971ರಲ್ಲಿ ಸ್ವಯಂಸೇವಕರು ನಡೆಸಿದ ಆರೋಗ್ಯ ಮೇಳವೇ ಬೆಳೆದು ಇಂದಿನ ಚಾರ್ಲ್ಸ್ ಬಿ. ವಾಂಗ್ ಸಮುದಾಯ ಆರೋಗ್ಯ ಕೇಂದ್ರವಾಗಿದೆ. ಆ ಕೇಂದ್ರವು 1998ರಲ್ಲಿ ‘ಸೇತುವೆ’ ಎಂಬರ್ಥದ ‘ಬ್ರಿಡ್ಜ್’ ಯೋಜನೆಯಡಿ ಮಾನಸಿಕ ಚಿಕಿತ್ಸೆಯನ್ನು ಸಾಮಾನ್ಯ ಚಿಕಿತ್ಸೆಯೊಡನೆ ಜೋಡಿಸಿತು. ತಲೆನೋವೆಂದು ಬಂದ ತಾಯಿ, ಜ್ವರಕ್ಕೆ ಔಷಧ ಪಡೆಯುವ ಅದೇ ಕಟ್ಟಡದಲ್ಲಿ, ತನ್ನದೇ ಮಾತಿನಲ್ಲಿ ಮನದಳಲನ್ನು ಹೇಳಿಕೊಳ್ಳಬಹುದು. ಯಾವ ಬಾಗಿಲಿಗೆ ಹೋದಳೆಂದು ನೆರೆಹೊರೆ ಬೆರಳು ತೋರುವಂತಿಲ್ಲ.

ಮಕ್ಕಳ ಪಾಡು ಬೇರೆ. ಶಾಲೆಯಲ್ಲಿ ಇಂಗ್ಲಿಷ್ ಕಲಿತ ಹತ್ತು ವರ್ಷದ ಮಗು ಆಸ್ಪತ್ರೆಯಲ್ಲಿ, ಕಚೇರಿಯಲ್ಲಿ ತಂದೆತಾಯಿಯರ ದುಭಾಷಿಯಾಗುತ್ತದೆ. ತಾಯಿಯ ನಿರಾಶೆಯನ್ನು ವೈದ್ಯರಿಗೆ ಅನುವಾದಿಸಬೇಕಾದ ಮಗುವಿನ ಎದೆಯಲ್ಲಿ ಆ ಭಾರ ಉಳಿದುಬಿಡುತ್ತದೆ. ಮಗುವಿನೆದುರು ತಾಯಿಯೂ ನಿಜವನ್ನು ನುಂಗಿಕೊಳ್ಳುತ್ತಾಳೆ. ಇದನ್ನು ಮನಗಂಡು 2016ರ ಅಮೆರಿಕದ ಆರೋಗ್ಯ ನಿಯಮಗಳು, ತುರ್ತು ಸಂದರ್ಭಗಳ ಹೊರತು ಅಪ್ರಾಪ್ತ ಮಕ್ಕಳನ್ನು ದುಭಾಷಿಗಳಾಗಿ ಬಳಸದಂತೆ ಕಟ್ಟಳೆ ಮಾಡಿದವು.

ರಾಜ್ಯಭಾಷೆಯೊಂದು, ಮನೆಮಾತೊಂದು ಆಗಿರುವ ಗಡಿನಾಡಿನ ಕನ್ನಡಿಗರಿಗೆ ಈ ಚಿತ್ರ ಅಪರಿಚಿತವಲ್ಲ. ನಮ್ಮ ಮಕ್ಕಳೂ ಅಜ್ಜಿಯೊಡನೆ ಆಸ್ಪತ್ರೆಗೆ ಹೋಗಿ ಮಾತು ತಿರುಗಿಸಿ ಹೇಳುತ್ತಾರೆ. ಕೇಂದ್ರ ಸರಕಾರವು 2022ರಲ್ಲಿ ಆರಂಭಿಸಿದ ‘ಟೆಲಿ ಮಾನಸ್’ ಸಹಾಯವಾಣಿಯು (14416) ಹಲವು ಭಾರತೀಯ ಭಾಷೆಗಳಲ್ಲಿ ನಡೆಯುತ್ತಿದ್ದು, ಕನ್ನಡವೂ ಅವುಗಳಲ್ಲೊಂದು. ಕರೆ ಮಾಡುವವರು ಸಂಕೋಚಪಡದೆ ಕನ್ನಡವನ್ನೇ ಕೇಳಬೇಕು. ಶಾಲೆಯ ಪೋಷಕರ ಸಭೆಯಲ್ಲಿ ಅಂಕಗಳ ವಿಚಾರ ಮುಗಿದ ಮೇಲೆ, ಮಕ್ಕಳ ಮತ್ತು ಮನೆಯವರ ಮನಸ್ಸಿನ ಕ್ಷೇಮಕ್ಕೂ ಹತ್ತು ನಿಮಿಷ ಮೀಸಲಾಗಲಿ.