ನಾಯಿಯ ಕಥೆ, ನಾಯಿಯ ಕಲ್ಲು

ಪಾಂಡವಪುರವೆಂಬ ಹೆಸರನ್ನು ಕೇಳಿದೊಡನೆ ನಮ್ಮ ವಾಚಕರಲ್ಲಿ ಅನೇಕರಿಗೆ ಕಬ್ಬಿನ ಗದ್ದೆಯೂ ಸಕ್ಕರೆಯ ಕಾರ್ಖಾನೆಯೂ ನೆನಪಿಗೆ ಬರುವುವು. ವಯಸ್ಸಾದವರಿಗೆ ಹಿರೋಡೆ ಎಂಬ ಹಳೆಯ ಹೆಸರೂ, ಹೈದರ್ ಟಿಪ್ಪುಗಳ ಕಾಲದಲ್ಲಿ ಫ್ರೆಂಚ್ ಸಿಪಾಯಿಗಳು ಅಲ್ಲಿ ಬೀಡುಬಿಟ್ಟಿದ್ದ ಕಾರಣದಿಂದ ಬಂದ ಫ್ರೆಂಚ್ ರಾಕ್ಸ್ ಎಂಬ ಹೆಸರೂ ನೆನಪಾಗಬಹುದು. ಊರ ಬಳಿಯಲ್ಲಿ ಕುಂತಿಬೆಟ್ಟವಿದೆ. ವನವಾಸದ ದಿನಗಳಲ್ಲಿ ಪಾಂಡವರು ತಾಯಿಯೊಡನೆ ಇಲ್ಲಿ ತಂಗಿದ್ದರೆಂದೂ, ಭೀಮನು ಬಕಾಸುರನನ್ನು ಕೊಂದುದು ಇಲ್ಲಿಯೇ ಎಂದೂ ಸುತ್ತಲಿನ ಜನರು ಹೇಳುವರು. ಬೆಟ್ಟಕ್ಕೆ ಬರುವ ಮಕ್ಕಳಿಗೆ ದೊಡ್ಡವರು ಭೀಮನ ಊಟದ ಕಥೆಯನ್ನು ಹೇಳುವರೇ ಹೊರತು ಅದೇ ಪಾಂಡವರ ಕಡೆಯ ಪ್ರಯಾಣದ ಕಥೆಯನ್ನು ಹೇಳುವುದು ಅಪೂರ್ವ. ಅದಕ್ಕೆ ಕಾರಣವೂ ಇಲ್ಲದಿಲ್ಲ. ನಮ್ಮ ಮನೆಗಳಲ್ಲಿ ಓದಿಸುವ ಕುಮಾರವ್ಯಾಸನ ಭಾರತವು ಗದಾಪರ್ವಕ್ಕೆ ನಿಲ್ಲುವುದು. ಉಳಿದ ಪರ್ವಗಳನ್ನು ಕೃಷ್ಣದೇವರಾಯನ ಆಶ್ರಯದಲ್ಲಿದ್ದ ತಿಮ್ಮಣ್ಣಕವಿಯು ಪೂರೈಸಿದನು. ಆ ಭಾಗವನ್ನು ಓದಿಸುವ ಮನೆಗಳು ಕಡಿಮೆ.

ಆ ಕಡೆಯ ಪ್ರಯಾಣದಲ್ಲಿ ಒಂದು ನಾಯಿ ಬರುತ್ತದೆ. ರಾಜ್ಯವನ್ನು ಬಿಟ್ಟು ಉತ್ತರಾಭಿಮುಖವಾಗಿ ಹೊರಟ ಐವರು ಅಣ್ಣತಮ್ಮಂದಿರನ್ನೂ ದ್ರೌಪದಿಯನ್ನೂ ಅದು ಕರೆಯದೆಯೇ ಹಿಂಬಾಲಿಸಿತು. ದಾರಿಯಲ್ಲಿ ಮೊದಲು ದ್ರೌಪದಿ, ಬಳಿಕ ಸಹದೇವ, ನಕುಲ, ಅರ್ಜುನ, ಭೀಮ, ಹೀಗೆ ಒಬ್ಬೊಬ್ಬರಾಗಿ ಬಿದ್ದರು. ಉಳಿದವರು ಧರ್ಮರಾಯ ಮತ್ತು ನಾಯಿ. ಇಂದ್ರನು ರಥವನ್ನು ತಂದು, ಏರು, ಆದರೆ ನಾಯಿಯನ್ನು ಬಿಟ್ಟು ಬಾ ಎಂದಾಗ ಧರ್ಮರಾಯನು ಸ್ವರ್ಗವನ್ನೇ ಬೇಡವೆಂದನು. ನಂಬಿ ಬಂದುದನ್ನು ಬಿಡಲಾರೆನೆಂಬುದು ಅವನ ವಾದ. ಆ ನಾಯಿಯು ಧರ್ಮದೇವತೆಯೇ ಆಗಿದ್ದಿತೆಂದು ಕಥೆಯು ಕಡೆಯಲ್ಲಿ ಹೇಳುವುದೇನೋ ನಿಜ. ಆದರೆ ಬಿಡಲಾರೆನೆಂದಾಗ ಧರ್ಮರಾಯನಿಗೆ ಅದು ತಿಳಿದಿರಲಿಲ್ಲ. ಅವನ ಕಣ್ಣಿಗೆ ಅದು ಬರಿಯ ಬೀದಿನಾಯಿ.

ಈ ಕಥೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ನಾವು ಇತ್ತೀಚೆಗೆ ಇನ್ನೊಂದು ನಾಯಿಯ ಕಥೆಯನ್ನು ಮತ್ತೊಮ್ಮೆ ಓದಿದೆವು. ಅದು ಅಮೆರಿಕದ ಜ್ಯಾಕ್ ಲಂಡನ್ ಎಂಬ ಗ್ರಂಥಕರ್ತನು 1903ರಲ್ಲಿ ಪ್ರಕಟಿಸಿದ ‘ದಿ ಕಾಲ್ ಆಫ್ ದಿ ವೈಲ್ಡ್’ ಎಂಬ ಚಿಕ್ಕ ಕಾದಂಬರಿ. ಕಾಡಿನ ಕರೆಯೆಂದು ಹೆಸರನ್ನು ಕನ್ನಡಿಸಬಹುದು. 1897ರಲ್ಲಿ ಉತ್ತರದ ಕ್ಲಾಂಡೈಕ್ ಪ್ರಾಂತದಲ್ಲಿ ಚಿನ್ನ ಸಿಕ್ಕಿತೆಂಬ ಸುದ್ದಿಗೆ ಸಾವಿರಾರು ಜನರು ಹಿಮದ ನಾಡಿಗೆ ನುಗ್ಗಿದಾಗ ಲಂಡನ್ನನೂ ಅವರೊಡನೆ ಹೋಗಿದ್ದನು. ಚಿನ್ನ ದೊರೆಯಲಿಲ್ಲ, ಹಸಿಯ ತರಕಾರಿಯಿಲ್ಲದ ಊಟದಿಂದ ಒಸಡು ಬಾಯುವ ರೋಗ ಹತ್ತಿ, ಮರುವರುಷ ಹಿಂದಿರುಗಿದನು. ಅವನು ತಂದುದು ಆ ನಾಡಿನ ನೆನಪುಗಳನ್ನು. ಡಾಸನ್ ಊರಿನಲ್ಲಿ ಬಾಂಡ್ ಎಂಬ ಸೋದರರ ಬಳಿಯಿದ್ದ ಒಂದು ದೊಡ್ಡ ನಾಯಿಯನ್ನು ಕಂಡಿದ್ದನಷ್ಟೆ; ಅದೇ ಅವನ ಕಥಾನಾಯಕನಿಗೆ ಮಾದರಿಯಾಯಿತು.

ಆ ಕಥಾನಾಯಕನ ಹೆಸರು ಬಕ್. (ಕುಂತಿಬೆಟ್ಟದ ಕಡೆಯ ಮಕ್ಕಳಿಗೆ ಓದಿ ಹೇಳುವವರು ಇದು ಬಕಾಸುರನ ವಂಶದ್ದಲ್ಲವೆಂದು ಮೊದಲೇ ಹೇಳಿಬಿಡುವುದು ಲೇಸು.) ಕ್ಯಾಲಿಫೋರ್ನಿಯದ ಬಿಸಿಲ ಕಣಿವೆಯಲ್ಲಿ ಒಬ್ಬ ನ್ಯಾಯಾಧೀಶರ ತೋಟದ ಮನೆಯಲ್ಲಿ ಅದು ನಾಲ್ಕು ವರುಷ ರಾಜನಂತೆ ಬೆಳೆಯಿತು. ತೂಕ 140 ಪೌಂಡು. ಜೂಜಿನ ಚಟದಿಂದ ಸಂಬಳ ಸಾಲದೆ ಹೋದ ತೋಟದ ಆಳೊಬ್ಬನು ಒಂದು ರಾತ್ರಿ ಅದನ್ನು ಕದ್ದು ಮಾರಿಬಿಟ್ಟನು. ಹಿಮದ ಮೇಲೆ ಜಾರುಬಂಡಿಗಳನ್ನು ಎಳೆಯಲು ಬಲವಾದ ನಾಯಿಗಳಿಗೆ ಆಗ ಅಷ್ಟು ಬೆಲೆ. ಅಲ್ಲಿಂದ ಮುಂದೆ ಆ ಜೀವಕ್ಕೆ ಒಂದಾದ ಮೇಲೊಂದು ನಷ್ಟ. ಮನೆ ಹೋಯಿತು, ದೊಣ್ಣೆಯ ಪೆಟ್ಟಿನಿಂದ ಮಾನ ಹೋಯಿತು, ಹಡಗಿನಲ್ಲಿ ಜೊತೆಯಾಗಿದ್ದ ಸಾಧುಸ್ವಭಾವದ ಹೆಣ್ಣುನಾಯಿಯೊಂದನ್ನು ಹಿಮದ ನಾಡಿನ ನಾಯಿಗಳು ಕಣ್ಣೆದುರಿಗೇ ಹರಿದುಹಾಕಿದುವು. ಬಿದ್ದವನಿಗೆ ಇಲ್ಲಿ ಉಳಿವಿಲ್ಲವೆಂದು ಬಕ್ ಅಂದೇ ಕಲಿಯಿತು.

ಸರಕಾರದ ಟಪಾಲು ಒಯ್ಯುತ್ತಿದ್ದ ಇಬ್ಬರ ಕೈಯಲ್ಲಿ ಅದು ಕೆಲಸವನ್ನು ಕಲಿತ ರೀತಿ, ಹಿಮದಲ್ಲಿ ಗುಂಡಿ ತೋಡಿ ಮಲಗುವ ಉಪಾಯವನ್ನು ಕಂಡುಕೊಂಡ ರೀತಿ, ಇವೆಲ್ಲ ಓದಲು ಸೊಗಸಾಗಿವೆ. ಆದರೆ ನಮ್ಮ ಮನಸ್ಸನ್ನು ಹೆಚ್ಚಾಗಿ ಹಿಡಿದುದು ಡೇವ್ ಎಂಬ ಬೇರೊಂದು ನಾಯಿಯ ಪ್ರಸಂಗ. ಡೇವ್ ಬಂಡಿಗೆ ತೀರ ಹತ್ತಿರದ ಸ್ಥಾನದಲ್ಲಿ ಎಳೆಯುವ ನಾಯಿ. ದಾರಿಯಲ್ಲಿ ಅದಕ್ಕೆ ಒಳಗೇನೋ ರೋಗವಾಯಿತು. ಮುಟ್ಟಿದರೆ ನೋವು, ಆದರೆ ಎಲ್ಲಿ ನೋವೆಂದು ಯಾರಿಗೂ ಕಾಣದು. ಬಂಡಿಯವನು ಕನಿಕರದಿಂದ ಅದನ್ನು ಬಿಚ್ಚಿ, ಅದರ ಸ್ಥಾನಕ್ಕೆ ಇನ್ನೊಂದು ನಾಯಿಯನ್ನು ಕಟ್ಟಿದನು. ಸುಮ್ಮನೆ ಹಿಂದೆ ಬರಲೆಂಬುದು ಅವನ ಎಣಿಕೆ. ಡೇವ್ ಒಪ್ಪಲಿಲ್ಲ. ತುಳಿದು ಗಟ್ಟಿಯಾದ ದಾರಿಯನ್ನು ಬಿಟ್ಟು ಪಕ್ಕದ ಮೆತ್ತನೆಯ ಹಿಮದಲ್ಲಿ ಬಿದ್ದೆದ್ದು ಓಡಿತು; ತನ್ನ ಸ್ಥಾನವನ್ನು ಹಿಡಿದ ನಾಯಿಯನ್ನು ನೂಕಲು ನೋಡಿತು. ಕಡೆಗೆ ಬಂಡಿ ನಿಂತಾಗ ಆ ನಾಯಿಯ ಪಟ್ಟಿಗಳನ್ನು ಹಲ್ಲಿನಿಂದ ಕಡಿದುಹಾಕಿ, ತನ್ನ ಹಳೆಯ ಸ್ಥಳದಲ್ಲಿ ಬಂಡಿಯ ಮುಂದೆ ತಾನೇ ನಿಂತುಕೊಂಡಿತು. ಬಂಡಿಯವನು ಅದನ್ನು ಮತ್ತೆ ಕಟ್ಟಿದನು. ಆ ದಿನವೆಲ್ಲ ಎಳೆಯಿತು. ಮರುದಿನ ಬೆಳಗ್ಗೆ ಏಳಲಾರದೆ, ಮುಂಗಾಲನ್ನು ಚಾಚಿ ದೇಹವನ್ನು ಸ್ವಲ್ಪ ಸ್ವಲ್ಪವಾಗಿ ಎಳೆದುಕೊಂಡು ಬಂಡಿಯ ಕಡೆಗೆ ತೆವಳಿತು. ಬಂಡಿಗಳು ಹೊರಟುಹೋದ ಮೇಲೆ ಒಬ್ಬನು ಹಿಂದಕ್ಕೆ ನಡೆದನು. ಒಂದು ಗುಂಡಿನ ಶಬ್ದ ಕೇಳಿಸಿತು. ನಾಯಿಗಳಿಗೆಲ್ಲ ಅದರ ಅರ್ಥ ತಿಳಿಯಿತು.

ಮುದುಕರಾದ ತಂದೆಯವರನ್ನು ಇನ್ನು ಗದ್ದೆಗೆ ಹೋಗಬೇಡಿರೆಂದು ಕೂರಿಸಿದ ಮನೆಗಳಲ್ಲಿ ಈ ಪ್ರಸಂಗವನ್ನು ಓದಿದರೆ, ಡೇವ್ ಏತಕ್ಕಾಗಿ ಪಟ್ಟಿಯನ್ನು ಕಡಿಯಿತೆಂಬುದನ್ನು ಯಾರೂ ವಿವರಿಸಬೇಕಾಗಿಲ್ಲ.

ಬಳಿಕ ಬಕ್ ಹ್ಯಾಲ್, ಚಾರ್ಲ್ಸ್, ಮರ್ಸಿಡೀಸ್ ಎಂಬ ಮೂವರು ಅನನುಭವಿಗಳ ಪಾಲಾಯಿತು. ಆ ವೇಳೆಗೆ ಐದು ತಿಂಗಳೊಳಗೆ 2500 ಮೈಲಿಗಳನ್ನು ಕ್ರಮಿಸಿ, 140 ಪೌಂಡಿದ್ದ ಅದರ ತೂಕ 115ಕ್ಕೆ ಇಳಿದಿದ್ದಿತು. ಈ ಮೂವರು ಬಂಡಿಯ ಮೇಲೆ ಡೇರೆ, ಪಾತ್ರೆ, ಬಟ್ಟೆಗಳನ್ನು ಬೆಟ್ಟದಂತೆ ಹೇರಿದರು. ಇಷ್ಟು ನಾಯಿಗೆ ಇಷ್ಟು ದಿನಕ್ಕೆ ಇಷ್ಟು ಆಹಾರವೆಂದು ಕಾಗದದ ಮೇಲೆ ಲೆಕ್ಕಮಾಡಿದರು. ಲೆಕ್ಕ ಸರಿಯಾಗಿಯೇ ಇದ್ದಿತು! ಮೊದಲು ಬೇಕಾದುದಕ್ಕಿಂತ ಹೆಚ್ಚು ಹಾಕಿದರು. ದಾರಿ ಮುಗಿಯುವುದಕ್ಕೆ ಬಹಳ ಮುಂಚೆಯೇ ಉಗ್ರಾಣ ಬರಿದಾಯಿತು. ಮರ್ಸಿಡೀಸಳು ನಾಯಿಗಳಿಗಾಗಿ ಕಣ್ಣೀರು ಸುರಿಸುವಳು, ಆದರೆ ಸೊರಗಿದ ನಾಯಿಗಳು ಎಳೆಯುವ ಬಂಡಿಯಿಂದ ಕೆಳಕ್ಕಿಳಿಯಳು. ಹದಿನಾಲ್ಕು ನಾಯಿಗಳಲ್ಲಿ ಉಳಿದುವು ಐದು. ಮನೆವಾರ್ತೆಯನ್ನು ನಡೆಯಿಸುವವರು ಈ ಅಧ್ಯಾಯವನ್ನು ನಗುತ್ತ ಓದಲಾರಂಭಿಸಿ ನಗುವನ್ನು ಮರೆಯುವರು.

ವಸಂತದಲ್ಲಿ ಹೊಳೆಯ ಮೇಲಣ ಹಿಮವು ಕರಗತೊಡಗಿದ್ದಿತು. ಇನ್ನು ಒಂದು ಹೆಜ್ಜೆಯನ್ನೂ ಇಡಲಾರೆನೆಂದು ಮಲಗಿದ ಬಕ್ಕನ್ನು ಹ್ಯಾಲನು ದೊಣ್ಣೆಯಿಂದ ಹೊಡೆಯುತ್ತಿದ್ದಾಗ ಜಾನ್ ಥಾರ್ನ್‌ಟನ್ ಎಂಬುವನು ಅಡ್ಡಬಿದ್ದು ಬಿಡಿಸಿದನು. ಉಳಿದವರು ಮುಂದೆ ಹೋದರು. ಕಾಲು ಮೈಲಿ ಹೋಗುವಷ್ಟರಲ್ಲಿ ಹಿಮವು ಬಾಯ್ದೆರೆದು ಬಂಡಿ, ನಾಯಿ, ಜನರೆಲ್ಲರನ್ನೂ ನುಂಗಿತು. ಆ ದಿನದಿಂದ ಬಕ್ ಥಾರ್ನ್‌ಟನ್ನನನ್ನು ಪ್ರೀತಿಸಿದ ಬಗೆಯನ್ನು ಹೇಳಲು ಗ್ರಂಥಕರ್ತನು ಬಹಳ ಪುಟಗಳನ್ನು ತೆಗೆದುಕೊಂಡಿರುವನು. ಅವನ ಮೇಲಣ ಪ್ರೀತಿಗಾಗಿ ಹಿಮದಲ್ಲಿ ಹೂತುಹೋದ 1000 ಪೌಂಡಿನ ಬಂಡಿಯನ್ನು ಕಿತ್ತು ನೂರು ಗಜ ಎಳೆದುದು ಅದರಲ್ಲೊಂದು. ಕಡೆಗೆ ಒಂದು ದಿನ ಬೇಟೆಯಿಂದ ಹಿಂದಿರುಗಿದ ಬಕ್ಕಿಗೆ ಬೀಡು ಹಾಳಾಗಿ ಕಂಡಿತು. ಯಜಮಾನನ ವಾಸನೆಯು ಒಂದು ಮಡುವಿನವರೆಗೆ ಹೋಗಿದ್ದಿತು. ಅಲ್ಲಿಂದ ಹೊರಕ್ಕೆ ಬಂದಿರಲಿಲ್ಲ. ಆಮೇಲೆ ನಾಯಿಯು ತೋಳಗಳ ಹಿಂಡನ್ನು ಸೇರಿತು. ಪ್ರತಿ ಬೇಸಗೆಯಲ್ಲಿಯೂ ಒಂದು ಸಲ ಆ ಕಣಿವೆಗೆ ಒಂಟಿಯಾಗಿ ಬಂದು, ಸ್ವಲ್ಪ ಹೊತ್ತು ನಿಂತು, ದೀರ್ಘವಾಗಿ ಊಳಿಟ್ಟು ಹೋಗುವುದಂತೆ.

ಈ ಕಾದಂಬರಿಯಲ್ಲಿ ದೋಷಗಳಿಲ್ಲವೆಂದು ನಾವು ಹೇಳೆವು. ಥಾರ್ನ್‌ಟನ್ನನನ್ನು ಕೊಂದವರೆಂದು ಗ್ರಂಥಕರ್ತನು ಕಲ್ಪಿಸಿರುವ ಮೂಲನಿವಾಸಿಗಳಿಗೆ ಮುಖವೂ ಇಲ್ಲ, ಮಾತೂ ಇಲ್ಲ. ತಮ್ಮ ನೆಲಕ್ಕೆ ನುಗ್ಗಿದವರ ವಿಷಯದಲ್ಲಿ ಅವರಿಗೂ ಹೇಳಬೇಕಾದುದಿದ್ದಿರಬಹುದೆಂಬುದು ಅವನಿಗೆ ಹೊಳೆಯಲಿಲ್ಲ. ಇನ್ನೊಂದು ಆಕ್ಷೇಪವನ್ನು ಅವನ ದೇಶದ ಅಧ್ಯಕ್ಷರಾಗಿದ್ದ ರೂಸ್‌ವೆಲ್ಟರೇ 1907ರಲ್ಲಿ ಎತ್ತಿದರು. ಪ್ರಾಣಿಗಳ ಕಥೆಗಳನ್ನು ಬರೆಯುವವರು ಅವುಗಳ ಸ್ವಭಾವವನ್ನು ಸುಳ್ಳಾಗಿ ಚಿತ್ರಿಸುತ್ತಿರುವರೆಂಬುದು ಅವರ ದೂರು. ಲಂಡನ್ನನು ಮರುವರುಷ ಉತ್ತರ ಕೊಟ್ಟನು. ನಾಯಿಯು ಮನುಷ್ಯನಂತೆ ಯೋಚಿಸುವುದೇ ಇಲ್ಲವೇ ಎಂಬ ಚರ್ಚೆಯನ್ನು ಪಂಡಿತರಿಗೆ ಬಿಡೋಣ. ಮನುಷ್ಯನು ನಾಯಿಯ ವಿಷಯದಲ್ಲಿ ಹೇಗೆ ಯೋಚಿಸಿದನೆಂಬುದಕ್ಕಾದರೋ ನಮ್ಮ ಜಿಲ್ಲೆಯಲ್ಲಿಯೇ ಸಾವಿರ ವರುಷಕ್ಕೂ ಮೀರಿದ ಸಾಕ್ಷಿಯಿದೆ.

ಪಾಂಡವಪುರ ಸೇರಿರುವ ಮಂಡ್ಯ ಜಿಲ್ಲೆಯಲ್ಲಿಯೇ, ಮದ್ದೂರು ತಾಲ್ಲೂಕಿನಲ್ಲಿ ಆತಕೂರೆಂಬ ಹಳ್ಳಿಯಿದೆ. ಅಲ್ಲಿಯ ಚಲ್ಲೇಶ್ವರ ದೇವಾಲಯದ ಮುಂದೆ ನಿಂತಿದ್ದ ಶಿಲಾಶಾಸನವು ಶಕವರ್ಷ 872ರದು, ಎಂದರೆ ಕ್ರಿಸ್ತಶಕ 949–50ರದು. ಆ ಕಾಲದಲ್ಲಿ ರಾಷ್ಟ್ರಕೂಟರ ಚಕ್ರವರ್ತಿ ಮೂರನೆಯ ಕೃಷ್ಣನು ಚೋಳರ ರಾಜಾದಿತ್ಯನ ಮೇಲೆ ತಮಿಳುನಾಡಿನ ತಕ್ಕೋಲದಲ್ಲಿ ಯುದ್ಧಮಾಡಿದನು. ಕೃಷ್ಣನ ಭಾವನೂ ತಲಕಾಡಿನ ಗಂಗರ ಅರಸನೂ ಆದ ಇಮ್ಮಡಿ ಬೂತುಗನ ಕೈಯಿಂದ ರಾಜಾದಿತ್ಯನು ಮಡಿದನು. ಚಕ್ರವರ್ತಿಯು ಮೆಚ್ಚಿ ಬೂತುಗನಿಗೆ ಬನವಾಸಿ ಮೊದಲಾದ ದೊಡ್ಡ ನಾಡುಗಳನ್ನು ಕೊಟ್ಟನು. ಶಾಲೆಯ ಚರಿತ್ರೆಯ ಪುಸ್ತಕಗಳಿಗೆ ಬೇಕಾದುದು ಇಷ್ಟೇ.

ಆ ಯುದ್ಧದಲ್ಲಿ ಬೂತುಗನ ಕಡೆ ಮಣಲೆರನೆಂಬ ವೀರನು ಕೆಚ್ಚಿನಿಂದ ಹೋರಾಡಿದ್ದನು. ಬೂತುಗನು ಸಂತೋಷಪಟ್ಟು, ಬೇಕಾದುದನ್ನು ಬೇಡಿಕೊಳ್ಳೆಂದನು. ನಾಡುಗಳು ಕೈಬದಲಾಗುತ್ತಿದ್ದ ಆ ಹೊತ್ತಿನಲ್ಲಿ ಮಣಲೆರನು ಬೇಡಿದುದು ಅರಸನ ಬಳಿಯಿದ್ದ ಕಾಳಿಯೆಂಬ ನಾಯಿಯನ್ನು. ಬೂತುಗನು ಕೊಟ್ಟನು. ಬೇಟೆಯ ನಾಯಿಗೆ ವೀರರ ಮನೆಗಳಲ್ಲಿ ಎಷ್ಟು ಬೆಲೆಯಿತ್ತೆಂಬುದನ್ನು ಇದೊಂದು ಬೇಡಿಕೆಯೇ ತಿಳಿಸುವುದು. ಮುಂದೆ ಕೆಳಲೆನಾಡಿನ ಬೆಳತೂರಿನ ಪಡುವಣ ಮರಡಿಯಲ್ಲಿ ಒಂದು ಮಹಾವರಾಹದ ಮೇಲೆ ಕಾಳಿಯನ್ನು ಬಿಟ್ಟರು. ಕಬ್ಬಿನ ಗದ್ದೆಗೆ ನುಗ್ಗುವ ಹಂದಿಯನ್ನು ಕಂಡಿರುವ ನಮ್ಮ ರೈತವಾಚಕರಿಗೆ ಅದರ ಕೋರೆಯ ಮುಂದೆ ನಿಲ್ಲುವುದೆಂದರೇನೆಂದು ಗೊತ್ತು. ಕಾಳಿ ಹಿಂದೆಗೆಯಲಿಲ್ಲ. ನಾಯಿಯೂ ಹಂದಿಯೂ ಒಂದನ್ನೊಂದು ಕೊಂದು ಸತ್ತುವು.

ಕಷ್ಟಪಟ್ಟು ಗೆದ್ದು ಬೇಡಿ ಪಡೆದ ನಾಯಿ ಹೀಗೆ ಹೋಯಿತು. ಮತ್ತೊಂದು ನಾಯಿಯನ್ನು ತರುವುದು ಮಣಲೆರನಂತಹವನಿಗೆ ಕಷ್ಟವಾಗಿರಲಾರದು. ಆದರೆ ಆತಕೂರಿನ ದೇವಾಲಯದ ಎದುರಿಗೆ ಕಲ್ಲು ನಿಂತಿತು. ಯುದ್ಧದಲ್ಲಿ ಮಡಿದ ಶೂರರಿಗೆ ವೀರಗಲ್ಲನ್ನು ನೆಡುವುದು ನಮ್ಮ ನಾಡಿನ ಪದ್ಧತಿ. ಈ ಕಲ್ಲಿನ ಮೇಲ್ಭಾಗದಲ್ಲಿ ಕೆತ್ತಿರುವುದು ನಾಯಿಯೊಂದು ಹಂದಿಯೊಡನೆ ಸೆಣಸುತ್ತಿರುವ ಚಿತ್ರ. ಅಷ್ಟಕ್ಕೇ ಮುಗಿಯಲಿಲ್ಲ. ಕಲ್ಲಿನ ಪೂಜೆಗಾಗಿ ಹಿರಿಯ ಕೆರೆಯ ಕೆಳಗೆ ಎರಡು ಖಂಡುಗ ಭೂಮಿಯನ್ನು ಬಿಟ್ಟರು. ಕೆರೆಯ ಕೆಳಗಣ ಭೂಮಿಯೆಂದರೆ ಏನೆಂದು ಈ ಕಡೆಯ ಒಕ್ಕಲಿಗರನ್ನು ಕೇಳಬೇಕು! ಆ ಭೂಮಿಯನ್ನು ಹಾಳುಮಾಡಿದವನಿಗೂ, ಕಲ್ಲನ್ನು ಪೂಜಿಸದೆ ಉಣ್ಣುವ ದೇವಾಲಯದ ಗೊರವನಿಗೂ ಆ ನಾಯಿ ಮಾಡಿದ ಪಾಪವು ತಟ್ಟುವುದೆಂದು ಶಾಸನವು ವಿಧಿಸುತ್ತದೆ.

ನಾಯಿ ಮಾಡಿದ ಪಾಪವಾದರೂ ಯಾವುದು? ದಾನವನ್ನು ಅಳಿಸಿದವನಿಗೆ ಕವಿಲೆಯನ್ನು ಕೊಂದ ಪಾಪ, ಕಾಶಿಯಲ್ಲಿ ಬ್ರಾಹ್ಮಣರನ್ನು ಕೊಂದ ಪಾಪವೆಂದು ಶಾಪಹಾಕುವುದು ಶಾಸನಗಳಲ್ಲಿ ವಾಡಿಕೆ. ಇಲ್ಲಿ ಬರೆಯಿಸಿದವರು ಪಾಪವನ್ನೂ ನಾಯಿಯಿಂದಲೇ ತೆಗೆದುಕೊಂಡಿರುವರು. ಕೊಲ್ಲುವುದೇ ಅದರ ಕಸುಬಾಗಿದ್ದುದರಿಂದ ಬೇಟೆಯ ಕೊಲೆಗಳೆಂದೇ ನಾವು ತಿಳಿಯುತ್ತೇವೆ. ಹಾಗಾದರೆ ಕಾಳಿಯನ್ನು ದೇವರೆಂದು ಏರಿಸದೆ, ಕೊಲ್ಲುತ್ತಲೇ ಬದುಕಿದ ನಾಯಿಯೆಂದೇ ಅವರು ನೆನೆದರೆನ್ನಬೇಕು. ಬಕ್ಕನ್ನು ಸಾಧುವಾಗಿಸದೆ ಕಳ್ಳತನವನ್ನೂ ಕೊಲೆಯನ್ನೂ ಕಲಿತ ಜೀವವೆಂದೇ ಬರೆದ ಲಂಡನ್ನನು ಈ ಶಾಸನವನ್ನು ಓದಿದ್ದರೆ ಮೆಚ್ಚುತ್ತಿದ್ದನೇನೋ.

ಮಣಲೆರನಿಗೆ ಬೂತುಗನು ನಾಯಿಯ ಜೊತೆಗೆ ಆತಕೂರು ಹನ್ನೆರಡು ಎಂಬ ಹಳ್ಳಿಗಳ ಒಡೆತನವನ್ನೂ ಬಾಳಿನ ಕೊಡುಗೆಯಾಗಿ ಕೊಟ್ಟನೆಂದು ಅದೇ ಶಾಸನದಿಂದ ತಿಳಿದುಬರುತ್ತದೆ. ಆ ಒಡೆತನ ಹೋಯಿತು, ಗಂಗರೂ ರಾಷ್ಟ್ರಕೂಟರೂ ಹೋದರು. ಕಲ್ಲನ್ನು ಮಾತ್ರ ಆತಕೂರಿನಿಂದ ಬೆಂಗಳೂರಿಗೆ ತಂದು, ಕಸ್ತೂರಬಾ ರಸ್ತೆಯಲ್ಲಿರುವ ಸರಕಾರಿ ವಸ್ತುಸಂಗ್ರಹಾಲಯದಲ್ಲಿ ಇರಿಸಿದ್ದಾರೆ. ರಜೆಯಲ್ಲಿ ಮಕ್ಕಳನ್ನು ರಾಜಧಾನಿಗೆ ಕರೆದೊಯ್ಯುವ ತಾಯಿತಂದೆಗಳು ಅಲ್ಲಿ ಕಾಳಿಯನ್ನು ಕೇಳಿ ನೋಡಬೇಕು. ಅಕ್ಷರಗಳು ಹಳಗನ್ನಡದವಾದುದರಿಂದ ಮಕ್ಕಳಿಗೆ ಓದಲು ಬಾರದು. ಮೇಲಣ ಚಿತ್ರದಲ್ಲಿ ನಾಯಿ ಯಾವುದು, ಹಂದಿ ಯಾವುದು ಎಂಬುದನ್ನು ಅವರೇ ತೋರಿಸುವರು.